ಗಿಣಿ ಕೇಳಿಸಿಕೊಂಡ ಮಾತು

ಅನುಮಾನ ಪಡುವುದಕ್ಕೆಂದೇ ಒಂದು ಕುರ್ಚಿ ಹಾಕಿಟ್ಟರೆ ಅದರಲ್ಲಿ ಕೂರಲು ಕಸ್ತೂರಿ ಹೂಗಾರಳಿಗಿಂತ ತಕ್ಕವರು ಆ ಆಸ್ಪತ್ರೆಯಲ್ಲಿ ಇನ್ನೊಬ್ಬರಿರಲಿಲ್ಲ. ಅವಳು ವಾರ್ಡುಗಳಲ್ಲಿ ದುಡಿದು ಕೂದಲು ಬೆಳ್ಳಗೆ ಮಾಡಿಕೊಂಡ ನರ್ಸು. ಮಾತ್ರೆ ನುಂಗಿದೆ ಎಂದು ಬಾಯಿ ಒರೆಸಿಕೊಳ್ಳುವ ಮುದುಕರು ಅದನ್ನು ದಿಂಬಿನ ಯಾವ ಮೂಲೆಗೆ ತುರುಕುತ್ತಾರೆ ಎಂಬುದು ಅವಳಿಗೆ ಗೊತ್ತಿತ್ತು. ಬರೀ ಗಂಜಿ ಕುಡಿಸಿದ್ದೇವೆ ಎನ್ನುವವರ ಚೀಲವನ್ನು ಮೂಸಿದರೆ ಸಾಕು, ಖಾರದ ಚಟ್ನಿಯ ವಾಸನೆ ಹಿಡಿಯುತ್ತಿದ್ದಳು. ಮೆಟ್ಟಿಲಿಂದ ಬಿದ್ದೆ ಎಂದು ಹೇಳುವ ಹೆಂಗಸಿಗಿಂತ ಅವಳ ಹಿಂದೆ ನಿಂತ ಗಂಡನ ಮುಖವನ್ನೇ ಮೊದಲು ನೋಡುತ್ತಿದ್ದಳು. ಹಾಗಾಗಿ ಆಸ್ಪತ್ರೆಗೆ ಗಿಣಿಗಳು ಬಂದಾಗ ಅವನ್ನು ನೋಡಿಕೊಳ್ಳುವ ಕೋಣೆಗೆ ಹಿರಿಯರು ಅವಳನ್ನೇ ಆರಿಸಿದರು.

ಗಿಣಿ ಎಂದರೆ ಹಕ್ಕಿಯಲ್ಲ. ನರ್ಸುಗಳು ಪಾಳಿ ಬದಲಿಸುವಾಗ ಹೋಗುವವಳು ಬರುವವಳಿಗೆ ರೋಗಿಯನ್ನು ಒಪ್ಪಿಸಬೇಕು. ಅವರ ಮಾತಿನಲ್ಲಿ ಅದಕ್ಕೆ ಓವರ್ ಕೊಡುವುದು ಎನ್ನುತ್ತಾರೆ. ಮೊದಲೆಲ್ಲ ಅದು ನರ್ಸುಗಳ ಮೇಜಿನ ಹತ್ತಿರವೇ ಚಹಾ ಕುಡಿಯುವಷ್ಟರಲ್ಲಿ ಮುಗಿಯುತ್ತಿತ್ತು. ಹೊಸ ನಿಯಮ ಬಂದ ಮೇಲೆ ಹಾಸಿಗೆಯ ಪಕ್ಕದಲ್ಲೇ, ಮನೆಯವರನ್ನು ನಿಲ್ಲಿಸಿಕೊಂಡೇ ಓವರ್ ಆಗಬೇಕಾಯಿತು. ಪ್ರತಿ ಹಾಸಿಗೆಯ ಮೇಲೂ ಒಂದು ಸರಳಿಗೆ ಮುಷ್ಟಿ ಗಾತ್ರದ ಹಸಿರು ಪೆಟ್ಟಿಗೆಯೊಂದನ್ನು ತೂಗುಹಾಕಿದರು. ಅದು ಇಬ್ಬರು ನರ್ಸುಗಳ ಮಾತನ್ನೂ ಮನೆಯವರ ಮಾತನ್ನೂ ಕೇಳಿಸಿಕೊಂಡು, ಒಟ್ಟುಮಾಡಿ, "ನೀವು ಹೇಳಿದ್ದು ಹೀಗೆ, ಸರಿಯೇ?" ಎಂದು ತಿರುಗಿ ಹೇಳುತ್ತಿತ್ತು. ಹೇಳಿದ್ದನ್ನೇ ಹೇಳುವ ಹಸಿರು ವಸ್ತುವಿಗೆ ಜನ ಇನ್ನೇನು ಹೆಸರಿಟ್ಟಾರು?

ಎಲ್ಲರೂ ಹೂಂ ಎಂದ ಮೇಲೆ ಗಿಣಿ ಆ ಮಾತಿನ ಸಾರವನ್ನು ಮೇಲಿನ ಮಹಡಿಗೆ ಕಳಿಸುತ್ತಿತ್ತು. ಸಾರ ಮಾತ್ರ. ರೋಗಿಗಳ ಗುಟ್ಟು ಹೊರಬೀಳಬಾರದೆಂದು ದನಿಯನ್ನು ಅಲ್ಲಿಯೇ ಅಳಿಸಿಹಾಕುವ ಏರ್ಪಾಡಿತ್ತು. ಕೂಸಿಗೆ ಎಷ್ಟು ಹಾಲು, ರೋಗಿಗೆ ಎಷ್ಟು ನೀರು ಎಂಬ ಮುಂದಿನ ಪಾಳಿಯ ಲೆಕ್ಕವನ್ನು ಗಿಣಿಯೇ ಹಾಕುತ್ತಿತ್ತು. ಡಾಕ್ಟರು ಒಮ್ಮೆ ಕಣ್ಣಾಡಿಸಿ ಹೂಂ ಎನ್ನುತ್ತಿದ್ದರು.

ಹಾಸಿಗೆ ಪಕ್ಕದಲ್ಲಿ ನಿಂತವರಿಗೆ ಹೇಳದೆ ಇದ್ದ ಸಂಗತಿ ಇನ್ನೊಂದಿತ್ತು. ಯಾರ ಮಾತು ಎಷ್ಟು ನಿಜ ಎಂಬುದನ್ನೂ ಗಿಣಿ ತೂಗುತ್ತಿತ್ತು. ಹೇಳಿದ್ದು ಆಮೇಲೆ ಪರೀಕ್ಷೆಯಲ್ಲಿ ನಿಜವಾದರೆ ಹೇಳಿದವರಿಗೆ ಹಸಿರು. ಮಾತೊಂದು ದನಿಯೊಂದು ಆದರೆ, ನಗುವ ಮಾತನ್ನು ಅಳುವ ದನಿಯಲ್ಲಿ ಹೇಳಿದರೆ, ಹಳದಿ. ಮುಚ್ಚಿಡುತ್ತಿದ್ದಾರೆ ಎನ್ನಿಸಿದರೆ ಕೆಂಪು. ಮೇಲಿನ ಕೋಣೆಯ ಪರದೆಯ ಮೇಲೆ ಇಡೀ ಆಸ್ಪತ್ರೆಯ ಜನ ಬಣ್ಣಬಣ್ಣದ ಚುಕ್ಕಿಗಳಾಗಿ ಕಾಣುತ್ತಿದ್ದರು. ಕೆಂಪಾದವರನ್ನು ಓವರಿನಿಂದ ಹೊರಗಿಡಬೇಕೋ ಬೇಡವೋ ಎಂದು ತೀರ್ಮಾನಿಸುವುದು ಕಸ್ತೂರಿಯ ಕೆಲಸ. ಒಮ್ಮೆ ಹೊರಗಿಟ್ಟರೆ ಅವರು ರೋಗಿಯ ಬಳಿ ಒಬ್ಬರೇ ಇರುವಂತಿರಲಿಲ್ಲ. ಕೂಸಾಗಿದ್ದರೆ ಮಕ್ಕಳ ರಕ್ಷಣೆಯವರಿಗೂ ಸುದ್ದಿ ಹೋಗುತ್ತಿತ್ತು.

ಆ ವಾರ ಕಸ್ತೂರಿಯ ಕಣ್ಣು ಮತ್ತೆ ಮತ್ತೆ ಹೋಗುತ್ತಿದ್ದದ್ದು ತಾಯಿ-ಮಗು ವಾರ್ಡಿನ ಕಿಟಕಿ ಪಕ್ಕದ ಹಾಸಿಗೆಯ ಮೇಲೆ. ಅಲ್ಲಿ ಮಾದೇವಿ ಎಂಬ ಬಾಣಂತಿ ಇದ್ದಳು. ದಿನ ತುಂಬುವ ಮೊದಲೇ ಹೆರಿಗೆಯಾಗಿ ಅಂಗೈಯಗಲದ ಹೆಣ್ಣುಕೂಸು ಹುಟ್ಟಿತ್ತು. ಅವಳಿಗೆ ಇದು ಮೂರನೆಯ ಹೆಣ್ಣು. ಗಂಡ ಲಾರಿ ಹತ್ತಿ ದೂರ ಹೋಗಿದ್ದ. ಬಳಿಯಲ್ಲಿದ್ದವಳು ಅತ್ತೆ ದುಂಡವ್ವ, ಬುಟ್ಟಿ ಹೊತ್ತು ಓಣಿ ಓಣಿ ತಿರುಗಿ ಬಳೆ ಮಾರುವ ಹೆಂಗಸು.

ಮೊದಮೊದಲು ಈ ದುಂಡವ್ವನ ಚುಕ್ಕಿ ಇಡೀ ವಾರ್ಡಿನಲ್ಲೇ ದಟ್ಟ ಹಸಿರು. ಕೂಸಿನ ಅಂಗಾಲು ತಣ್ಣಗಾಗಿದೆ ಎಂದು ಅವಳು ಹೇಳಿದ ಸ್ವಲ್ಪ ಹೊತ್ತಿಗೆ ಮೈಯ ಕಾವು ಅಳೆಯುವ ಮೀಟರೂ ಅದನ್ನೇ ಹೇಳಿತ್ತು. ಕಣ್ಣು ಹಳದಿಯಾಗಿದೆ ಎಂದಳು, ರಕ್ತ ಪರೀಕ್ಷೆಯಲ್ಲಿ ಕಾಮಾಲೆ ಬಂತು. ಗಿಣಿ ಅವಳನ್ನು ನರ್ಸುಗಳಿಗಿಂತ ಹೆಚ್ಚು ನಂಬತೊಡಗಿತು. ಬಾಣಂತಿಯ ಎದೆಯಲ್ಲಿ ಎಷ್ಟು ಹಾಲಿದೆ ಎಂದು ಅಳೆಯಲು ಗಿಣಿಗೂ ಬರುವುದಿಲ್ಲವಲ್ಲ, ಅದಕ್ಕೆ ಮನೆಯ ಹೆಂಗಸರ ಮಾತೇ ಗತಿ. ಅಂಥದರಲ್ಲಿ ಒಂದು ಬೆಳಗಿನ ಓವರಿನಿಂದ ಮೇಲೆ ಬಂದ ಸಾರ ಹೀಗಿತ್ತು: ತಾಯಿಯ ಹಾಲು ವೃದ್ಧಿಸಿದೆ. ಹೇಳಿದವರು ಅಜ್ಜಿ. ತಾಯಿಯೂ ಒಪ್ಪಿದ್ದಾರೆ.

ತಾಯಿಯ ಹಾಲು ಏರಿದರೆ ಬಟ್ಟಲಲ್ಲಿ ಕುಡಿಸುವ ಮೇಲಿನ ಹಾಲನ್ನು ಇಳಿಸಬೇಕು, ಆಗಲೇ ಕೂಸು ಹಸಿದು ಎದೆ ಹಿಡಿಯುತ್ತದೆ. ಅದು ಗಿಣಿ ಹುಟ್ಟುವ ಮುಂಚಿನಿಂದಲೂ ನಡೆದುಬಂದ ಪದ್ಧತಿ. ಗಿಣಿ ಮೇಲಿನ ಹಾಲನ್ನು ಇಳಿಸಿತು. ಮಾರನೆಯ ದಿನವೂ ಅದೇ ಮಾತು ಬಂತು, ಇನ್ನಷ್ಟು ಇಳಿಸಿತು. ಕೂಸಿನ ತೂಕ ಏರಲಿಲ್ಲ, ಇಳಿಯಿತು. ಸೋಂಕಿರಬಹುದೆಂದು ಡಾಕ್ಟರು ರಕ್ತ ಪರೀಕ್ಷೆಗೆ ಕಳಿಸಿದರು. ಸೋಂಕಿರಲಿಲ್ಲ. ಹಾಗಾದರೆ ಇರುವ ಹಾಲು ಹೋಗುತ್ತಿರುವುದು ಎಲ್ಲಿಗೆ?

ದುಂಡವ್ವನ ಚುಕ್ಕಿ ಹಳದಿಗೆ ತಿರುಗಿತು. ಹಾಲು ಹೆಚ್ಚಿದೆ ಎನ್ನುವಾಗ ಅವಳ ದನಿಯಲ್ಲಿ ಸಂತೋಷವಿಲ್ಲ, ದುಃಖವಿದೆ ಎಂದು ಗಿಣಿ ತಿಳಿಸಿತು. ಸೊಸೆ ಅತ್ತೆಯ ಮುಂದೆ ಹೂಂ ಎನ್ನುವುದನ್ನು ಬಿಟ್ಟು ಬೇರೆ ಮಾತೇ ಆಡುವುದಿಲ್ಲ ಎಂದೂ ತಿಳಿಸಿತು. ವಾರ್ಡಿನಲ್ಲಿದ್ದ ಕೇರಳದ ಹುಡುಗಿ ಜಿನ್ಸಿ ಸಿಸ್ಟರ್ ಫೋನು ಮಾಡಿ ಇದನ್ನೇ ತನ್ನ ರೀತಿಯಲ್ಲಿ ಹೇಳಿದಳು. ಹಾಲು ಬಂದರೆ ಯಾವ ಅಜ್ಜಿಯಾದರೂ ನಗುತ್ತಾಳೆ, ಈಕೆ ಸತ್ತ ಮನೆಯವಳ ಹಾಗೆ ಮುಖ ಮಾಡಿಕೊಂಡು ಹೇಳುತ್ತಾಳೆ ಮೇಡಂ, ನನಗೆ ಹೆದರಿಕೆಯಾಗುತ್ತದೆ ಎಂದಳು. ಸಂಜೆ ಹೊತ್ತಿಗೆ ಇನ್ನೊಂದು ಸುದ್ದಿ. ಹಾಸಿಗೆಯ ಅಡಿಯಲ್ಲಿ ಒಂದು ಮುಚ್ಚಳದ ತುಂಬ ಸಕ್ಕರೆ ನೀರು, ಅದರಲ್ಲಿ ಅದ್ದಿಟ್ಟ ಹತ್ತಿ. ಅಜ್ಜಿ ಅದನ್ನು ಕೂಸಿನ ಬಾಯಿಗೆ ಇಡುತ್ತಿದ್ದಾಳೆ. ಹಾಲು ಬಿಡಿಸಿ ನೀರು ಕುಡಿಸುತ್ತಿದ್ದಾಳೆ.

ಚುಕ್ಕಿ ಕೆಂಪಾಯಿತು.

ಕಸ್ತೂರಿಗೆ ಆಶ್ಚರ್ಯವಾಗಲಿಲ್ಲ. ಮೂರನೆಯ ಹೆಣ್ಣುಕೂಸುಗಳು ಹೇಗೆ ಸದ್ದಿಲ್ಲದೆ ಬತ್ತಿಹೋಗುತ್ತವೆ ಎಂಬುದನ್ನು ಅವಳು ಹಿಂದೆಯೂ ಕಂಡವಳು. ಹೊಡೆಯುವುದಿಲ್ಲ, ಬಡಿಯುವುದಿಲ್ಲ. ಒಂದು ಹೊತ್ತು ಹಾಲು ತಪ್ಪುತ್ತದೆ, ಆಮೇಲೆ ಇನ್ನೊಂದು ಹೊತ್ತು.

ಮನೆಗೆ ಹೋದಾಗಲೂ ಆ ಕೆಂಪು ಕಣ್ಣಿನಿಂದ ಹೋಗಲಿಲ್ಲ. ಗಂಡ ಚಂಬಣ್ಣ ಸರಕಾರಿ ಬಸ್ಸಿನ ಕಂಡಕ್ಟರಾಗಿದ್ದು ನಿವೃತ್ತನಾದವನು. ರೊಟ್ಟಿ ಬಡಿಯಲು ಬಾರದಿದ್ದರೂ ಪಲ್ಯ ಮಾಡಿಟ್ಟಿರುತ್ತಿದ್ದ. ಬಿಪಿ ಮಾತ್ರೆ ತೆಗೆದುಕೊಂಡಿರಾ ಎಂದು ಕಸ್ತೂರಿ ಕೇಳಿದಳು, ತೆಗೆದುಕೊಂಡೆ ಎಂದ. ಅವಳು ಒಂದು ಕ್ಷಣ ಅವನ ಮುಖವನ್ನೇ ನೋಡುತ್ತ ನಿಂತದ್ದನ್ನು ಕಂಡು ಅವನು ಸೌಟು ಕೆಳಗಿಟ್ಟ.

"ನನ್ನ ತಲಿ ಮ್ಯಾಲೂ ಒಂದು ಗಿಣಿ ತೂಗಹಾಕಿಬಿಡು ಮಾರಾಯ್ತಿ. ಗುಳಿಗಿ ನುಂಗೇನೋ ಉಗುಳೇನೋ ಅದೇ ಹೇಳ್ತತಿ."

ಊಟ ಮಾಡುತ್ತ ಅವಳು ಬಳೆಗಾರ್ತಿಯ ವಿಷಯ ಹೇಳಿದಳು. ನಾಳೆ ಮಧ್ಯಾಹ್ನದ ಓವರಿನೊಳಗೆ ಅವಳನ್ನು ಹೊರಗಿಡುವ ಗುಂಡಿ ಒತ್ತಬೇಕು, ಒತ್ತದಿದ್ದರೆ ಕೂಸು ಉಳಿಯಲಾರದು ಎಂದಳು. ಚಂಬಣ್ಣ ತಟ್ಟೆಯಲ್ಲಿ ಬೆರಳಾಡಿಸಿದ.

"ನಾನೂ ಮಾರಿ ನೋಡೇ ಹಿಡೀತಿದ್ದೆ ನೋಡು," ಎಂದ. "ಟಿಕೆಟ್ ತಗೋಳದವರು ಕಿಟಕಿ ಕಡೆ ನೋಡ್ತಾರಂತ ಹಿರ್ಯಾರು ಹೇಳಿಕೊಟ್ಟಿದ್ರು. ಕಿಟಕಿ ಕಡೆ ನೋಡಿದವರ ಕಿಸೇಕ ಕೈ ಹಾಕಸ್ತಿದ್ದೆ. ಅರ್ಧ ಮಂದಿ ಕಿಸೇದಾಗ ಟಿಕೆಟ್ ಇರತಿತ್ತು. ತಮ್ಮ ಊರು ಬಂತೇನಂತ ಹೊರಗ ನೋಡ್ತಿದ್ರು ಪಾಪ."

"ಇನ್ನರ್ಧ ಮಂದಿ?"

"ಅವರು ಕಳ್ಳರಽ. ಅದಕ್ಕಽ ಟಿಕೆಟ್ ಇದ್ದವರ ಕಿಸೇಕ ಕೈ ಹಾಕಿಸಿದ್ದು ನನ್ನ ತಪ್ಪಂತ ಎಂದೂ ತಿಳೀಲಿಲ್ಲ."

ಕಸ್ತೂರಿಗೆ ಈ ಮಾತು ಹಿಡಿಸಲಿಲ್ಲ. ಬಸ್ಸಿನ ಟಿಕೆಟ್ಟಿಗೂ ಕೂಸಿನ ಜೀವಕ್ಕೂ ಏನು ಸಂಬಂಧ ಎಂದು ತಟ್ಟೆ ಎತ್ತಿಕೊಂಡು ಹೋದಳು.

ಬೆಳಿಗ್ಗೆ ಮೇಲಿನ ಕೋಣೆಯಲ್ಲಿ ಅಭಿರಾಮ ಕಾಯುತ್ತಿದ್ದ. ಗಿಣಿಗಳನ್ನು ಮಾಡಿದ ಕಂಪನಿ ಕಳಿಸಿದ ಎಂಜಿನಿಯರು, ಒಳ್ಳೆಯ ಹುಡುಗ, ಯಾವಾಗಲೂ ಅವಸರದಲ್ಲಿರುವವನು. ರಾತ್ರಿಯಿಡೀ ಕೂಸು ಅಳಲೂ ಇಲ್ಲ ಎಂದು ಪರದೆ ತೋರಿಸಿದ. ಅಳದ ಕೂಸು ಅಳುವ ಕೂಸಿಗಿಂತ ಅಪಾಯದಲ್ಲಿದೆ ಎಂದು ಕಸ್ತೂರಿಗೆ ಅವನು ಹೇಳಬೇಕಾಗಿರಲಿಲ್ಲ. ಯಾಕೆ ತಡ ಮಾಡುತ್ತಿದ್ದೀರಿ ಎಂದು ಅವನು ವಿನಯದಿಂದಲೇ ಕೇಳಿದ. ಇಂಥ ಕೆಂಪು ಕಂಡಾಗ ಅವಳು ಹಿಂದೆ ಕೂತಲ್ಲಿಂದಲೇ ಗುಂಡಿ ಒತ್ತಿದ್ದಳು. ಈಗ ಬೆರಳು ಗುಂಡಿಯವರೆಗೆ ಹೋಗಿ ಹಿಂದಕ್ಕೆ ಬಂತು.

"ನನ್ನ ಬಣ್ಣ ಯಾವುದಪ್ಪಾ?" ಎಂದಳು ಇದ್ದಕ್ಕಿದ್ದಂತೆ.

ಅಭಿರಾಮ ನಕ್ಕ.  ಸಿಬ್ಬಂದಿಯ ಬಣ್ಣ ಇಲ್ಲಿ ಕಾಣಿಸುವುದಿಲ್ಲ ಮೇಡಂ ಎಂದ. ಇಲ್ಲ ಎನ್ನಲಿಲ್ಲ, ಕಾಣಿಸುವುದಿಲ್ಲ ಎಂದ. ಕಸ್ತೂರಿ ಕನ್ನಡಕ ತೆಗೆದಿಟ್ಟು ಎದ್ದಳು. ಒಬ್ಬರನ್ನು ಕೂಸಿನಿಂದ ದೂರ ಮಾಡುವ ಮೊದಲು ಅವರ ಮುಖ ನೋಡಿ ಬರುತ್ತೇನೆ ಎಂದಳು. ದುಂಡವ್ವನ ಮೇಲೆ ಅನುಮಾನ ಕಡಿಮೆಯಾಗಿತ್ತೆಂದಲ್ಲ. ಅವಳ ಬಾಯಿಯಿಂದಲೇ ನಿಜ ಹೊರಡಿಸಬಲ್ಲೆ ಎಂಬ ಹಳೆಯ ನರ್ಸಿನ ಹಮ್ಮು ಅದು.

ದುಂಡವ್ವ ವಾರ್ಡಿನ ಹೊರಗೆ, ಗೋಡೆಗೆ ಹಾಕಿದ ಕಬ್ಬಿಣದ ಬೆಂಚಿನ ಮೇಲೆ ಕೂತಿದ್ದಳು. ಗಟ್ಟಿ ಮೈಕಟ್ಟು, ಮುಂಗೈ ತುಂಬ ಹಸಿರು ಬಳೆ. ಕಸ್ತೂರಿಯ ಬಿಳಿ ಕೋಟು ಕಂಡು ಎದ್ದು ನಿಂತಳು, ಆದರೆ ಕಣ್ಣಲ್ಲಿ ಸ್ವಾಗತವಿರಲಿಲ್ಲ. ಕಸ್ತೂರಿ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಊರು, ಮನೆ, ವ್ಯಾಪಾರ ಎಲ್ಲ ವಿಚಾರಿಸಿದಳು. ದುಂಡವ್ವ ಕೇಳಿದ್ದಕ್ಕಷ್ಟೇ ಉತ್ತರ ಕೊಟ್ಟಳು. ಮನೆಯಲ್ಲಿ ಇನ್ನಿಬ್ಬರು ಮೊಮ್ಮಕ್ಕಳು ನೆರೆಯವರ ಬಳಿ ಇದ್ದಾರೆ ಎಂದಳು. ಗಂಡಾಗಲಿ ಎಂದು ಆಸೆಯಿತ್ತೇ ಎಂದು ಕಸ್ತೂರಿ ಮೆಲ್ಲಗೆ ಕೇಳಿದಾಗ, ಯಾರಿಗಿರುವುದಿಲ್ಲ ಎಂದಳು ಮರೆಮಾಚದೆ. ಆ ಉತ್ತರ ಕಸ್ತೂರಿಯ ಮನಸ್ಸಿನಲ್ಲಿ ಗಂಟು ಹಾಕಿಕೊಂಡು ಕೂತಿತು.

"ಸಕ್ಕರಿ ನೀರು ಯಾಕ ಕುಡಿಸಿದ್ರಿ ಆಯಿ?"

"ನೀವು ಹಾಲು ಕಡಿಮಿ ಮಾಡಿದ್ರಿ, ಅದಕ್ಕ ಕುಡಿಸಿದೆ." ದುಂಡವ್ವ ಈಗ ನೇರ ಅವಳ ಕಣ್ಣಿಗೆ ಕಣ್ಣು ಕೊಟ್ಟಳು. "ದಿನಾ ಬಾಯಿ ಬಿಟ್ಟು ಹೇಳ್ತೀನಿ. ಆ ಹಸರು ಪೆಟಿಗಿ ಹೂಂ ಅಂತತಿ. ಆಮ್ಯಾಗ ಆ ಹುಡುಗಿ ಬಟ್ಟಲದಾಗಿನ ಹಾಲು ಇನ್ನಷ್ಟು ಕಡಿಮಿ ಮಾಡ್ತಾಳ. ಹೆಣ್ಣಂತ ಹಿಂಗ ಮಾಡ್ತೀರೋ, ಬಡವರಂತ ಮಾಡ್ತೀರೋ ನನಗೇನ ಗೊತ್ತು. ಕೇಳಿದ್ರ ನಮ್ಮನ್ನ ಹೊರಗ ಹಾಕೀರಂತ ಸುಮ್ಮನದೀನಿ."

ಎಂಥ ಗಟ್ಟಿ ಹೆಂಗಸು ಎಂದುಕೊಂಡಳು ಕಸ್ತೂರಿ. ತನ್ನ ತಪ್ಪನ್ನು ನಮ್ಮ ಮೇಲೆಯೇ ಹಾಕುತ್ತಿದ್ದಾಳಲ್ಲ. ಅವಳ ದನಿ ತಾನಾಗಿಯೇ ಗಡುಸಾಯಿತು. ಸೊಸೆಯ ಎದೆಯಲ್ಲಿ ಹಾಲು ತುಂಬಿದೆ ಎಂದು ನೀವೇ ಹೇಳಿದ್ದೀರಿ, ಇಬ್ಬರೂ ಒಪ್ಪಿದ್ದೀರಿ, ಹಾಗಿದ್ದರೆ ಕೂಸು ಯಾಕೆ ಒಣಗುತ್ತಿದೆ ಎಂದು ಕೇಳಿದಳು.

"ತುಂಬೇತಿ ಅಂತ ಯಾರು ಹೇಳ್ಯಾರ?" ದುಂಡವ್ವ ಸಿಟ್ಟಿನಿಂದ ಎದ್ದಳು. ಏಳುವ ಭರಕ್ಕೆ ಮುಂಗೈ ಬೆಂಚಿನ ಕಬ್ಬಿಣದ ತೋಳಿಗೆ ಬಡಿಯಿತು. ಒಂದು ಬಳೆ ಎರಡು ತುಂಡಾಗಿ ನೆಲಕ್ಕೆ ಬಿತ್ತು. ಮಣಿಕಟ್ಟಿನಲ್ಲಿ ಸಣ್ಣಗೆ ರಕ್ತ ಒಸರಿತು. ಸಿಟ್ಟು ಅಲ್ಲಿಗೇ ನಿಂತುಹೋಯಿತು. ಅವಳು ಬಗ್ಗಿ ತುಂಡುಗಳನ್ನು ಆರಿಸಿ ಸೆರಗಿನ ತುದಿಯಲ್ಲಿ ಹಾಕಿಕೊಂಡಳು.

ಕಸ್ತೂರಿ ನರ್ಸಿನ ಅಭ್ಯಾಸಕ್ಕೆ ಅವಳ ಕೈ ಹಿಡಿದಳು. "ಒಡೀತಲ್ರಿ, ಚುಚ್ಚಿತೇನು?"

"ಹಂಗನಬ್ಯಾಡ್ರಿ ಅಕ್ಕಾರ," ಎಂದಳು ದುಂಡವ್ವ, ಬಾಯಿಗೆ ಕೈ ಅಡ್ಡ ಹಿಡಿಯುವವಳ ಹಾಗೆ. "ಬಳಿ ಹೆಚ್ಚಾತು ಅನಬೇಕು."

ಕಸ್ತೂರಿ ಅವಳ ಕೈ ಹಿಡಿದುಕೊಂಡೇ ನಿಂತಳು. ಬಳೆ ಒಡೆಯುವುದಿಲ್ಲ, ಹೆಚ್ಚುತ್ತದೆ. ದೀಪ ಆರುವುದಿಲ್ಲ, ದೊಡ್ಡದಾಗುತ್ತದೆ. ಡಬ್ಬಿಯಲ್ಲಿ ಅರಿಸಿನ ಮುಗಿದರೆ ಅವಳ ತಾಯಿ ಎಂದೂ ಇಲ್ಲ ಎಂದವಳಲ್ಲ. ಅರಿಸಿನ ಹೆಚ್ಚಾಗೇತಿ, ತಗೊಂಡ ಬಾ ಎನ್ನುತ್ತಿದ್ದಳು. ಒಳ್ಳೆಯ ವಸ್ತುವಿನ ಹೆಸರಿನ ಪಕ್ಕ ಇಲ್ಲ ಎಂಬ ಮಾತು ಬರಬಾರದು. ಇದು ಕಸ್ತೂರಿಗೆ ಗೊತ್ತಿಲ್ಲದ ಮಾತಲ್ಲ. ಅವಳು ಮಡಿಲಲ್ಲಿದ್ದಾಗಿನಿಂದ ಕೇಳಿದ ಮಾತು. ಆದರೆ ಮೇಲಿನ ಕೋಣೆಗೆ ಮಾತು ಬರುತ್ತಿರಲಿಲ್ಲ, ಮಾತಿನ ಸಾರ ಬರುತ್ತಿತ್ತು. ವೃದ್ಧಿಸಿದೆ ಎಂದು ಬಂದಿತ್ತು.

"ಆಯಿ, ಗಿಣಿ ಮುಂದ ಏನಂದ್ರಿ? ಹೆಂಗ ಅಂದ್ರೋ ಹಂಗ ಹೇಳ್ರಿ."

"ಇದ್ದದ್ದು ಅಂದೆ. ಹಾಲು ಹೆಚ್ಚಾಗೇತಿ ಅಂದೆ."

"ಹಂಗಂದ್ರ ಐತೋ, ಇಲ್ಲೋ?"

 ಹಸುಗೂಸಿರುವ ಮನೆಯ ಬಾಗಿಲಲ್ಲಿ ನಿಂತು ಶಾಪ ಹಾಕು ಎಂದು ಯಾರೋ ಕೇಳಿದಂತೆ ದುಂಡವ್ವನ ಮುಖ ಬಿಳಿಚಿತು.

ಕಸ್ತೂರಿ ಓಡಿದಳು. ಆ ವಯಸ್ಸಿನಲ್ಲಿ ಅವಳು ಓಡಿದ್ದನ್ನು ವಾರ್ಡಿನವರು ಅಂದೇ ಕಂಡದ್ದು. ಕಿಟಕಿ ಪಕ್ಕದ ಹಾಸಿಗೆಯಲ್ಲಿ ಮಾದೇವಿ ಕೂಸನ್ನು ಎದೆಗೆ ಹಚ್ಚಿಕೊಂಡು ಕೂತಿದ್ದಳು. ಕೂಸು ಚೀಪುತ್ತಲೂ ಇರಲಿಲ್ಲ. ತುಟಿ ಒಣಗಿ ಕಣ್ಣು ಅರೆಮುಚ್ಚಿತ್ತು. ಎತ್ತಿದ ಕೈ ಬಿಟ್ಟರೆ ಬಟ್ಟೆಯಂತೆ ಬೀಳುತ್ತಿತ್ತು. ಮೇಲಿನ ಹಾಲು ಕೊಡು, ಮೊದಲಿದ್ದಷ್ಟು, ಈಗಲೇ ಎಂದಳು ಕಸ್ತೂರಿ ಜಿನ್ಸಿಗೆ. ಜಿನ್ಸಿ ಬಟ್ಟಲಿಗೆ ಕೈ ಹಾಕಿ ನಿಂತಳು. ಮೇಲೆ ತೂಗುತ್ತಿದ್ದ ಗಿಣಿಯ ಲೆಕ್ಕ ಇನ್ನೂ ಬದಲಾಗಿರಲಿಲ್ಲ. ತಾಯಿಯ ಹಾಲಿದೆ ಎಂದು ಮನೆಯವರೇ ಹೇಳಿರುವಾಗ, ಲೆಕ್ಕ ಮೀರಿ ಹಾಲು ಕುಡಿಸಿ ಕೂಸಿನ ಪುಪ್ಪುಸಕ್ಕೆ ಹೋದರೆ ತನ್ನ ತಲೆಯ ಮೇಲೆ ಬರುತ್ತದೆ ಎಂದಳು. ಅವಳು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಆ ವಾರ್ಡಿನಲ್ಲಿ ಯಾರೂ ಯಾರನ್ನೂ ನಂಬುವ ಸ್ಥಿತಿಯಲ್ಲಿರಲಿಲ್ಲ, ಕಸ್ತೂರಿಯನ್ನು ಸಹ.

ಕಸ್ತೂರಿ ಗಿಣಿಯತ್ತ ತಿರುಗಿ, ಈ ತಾಯಿಯ ಹಾಲು ನಿಂತಿದೆ ಎಂದು ಗಟ್ಟಿಯಾಗಿ ಹೇಳಿದಳು. ಗಿಣಿ ಶಾಂತವಾಗಿ ಉತ್ತರ ಕೊಟ್ಟಿತು.

"ಹಾಲು ಹೆಚ್ಚಾಗಿದೆ ಎಂದು ಮನೆಯವರು ಹೇಳಿದ್ದಾರೆ. ಹೆಚ್ಚಾಗಿದೆ, ಸರಿಯೇ?"

ದುಂಡವ್ವ ಅಷ್ಟರಲ್ಲಿ ಬಾಗಿಲಿಗೆ ಬಂದಿದ್ದಳು. ಅಭ್ಯಾಸಬಲದಿಂದ ಅವಳ ಬಾಯಿ ಹೂಂ ಎನ್ನಲು ತೆರೆಯಿತು. ಕಸ್ತೂರಿ ಕೈಯೆತ್ತಿ ತಡೆದಳು. ಹಾಸಿಗೆಯ ಅಂಚಿನಲ್ಲಿ ಕೂತು ಮಾದೇವಿಯ ಕೈ ಹಿಡಿದು, ಇದಕ್ಕೆ ನಮ್ಮ ಮನೆಯ ಮಾತು ತಿಳಿಯುವುದಿಲ್ಲ ತಂಗೀ, ತಿಳಿಯುವ ಮಾತಿನಲ್ಲಿ ಹೇಳದಿದ್ದರೆ ಅದು ಕೂಸಿನ ಹಾಲನ್ನು ಇನ್ನೂ ಇಳಿಸುತ್ತದೆ ಎಂದು ಹೇಳಿದಳು.

ಮಾದೇವಿ ಅತ್ತೆಯ ಕಡೆ ನೋಡಿದಳು. ಹೆರಿಗೆಯಾಗಿ ಬಂದಂದಿನಿಂದ ಆ ಹುಡುಗಿಯ ದನಿ ಹೇಗಿದೆ ಎಂದು ವಾರ್ಡಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ದುಂಡವ್ವ ಹಾಸಿಗೆಯ ಬಳಿ ಬಂದಳು. ಸೊಸೆಯನ್ನು ಗದರಿಸುತ್ತಾಳೆ ಎಂದೇ ಜಿನ್ಸಿ ಮುಂದೆ ಸರಿದಳು. ದುಂಡವ್ವ ಬಗ್ಗಿ ತನ್ನ ಎರಡೂ ಅಂಗೈಗಳಿಂದ ಕೂಸಿನ ಕಿವಿ ಮುಚ್ಚಿದಳು.

"ಈಗ ಹೇಳವ್ವ," ಎಂದಳು.

"ನನ್ನ ಎದ್ಯಾಗ ಹಾಲಿಲ್ಲ." ಮಾದೇವಿಯ ದನಿ ಒರಟಾಗಿತ್ತು, ಬಹಳ ದಿನ ಮುಚ್ಚಿಟ್ಟ ಬಾಗಿಲು ತೆಗೆದಂತೆ. "ಇಲ್ಲ. ಒಂದ ಹನೀನೂ ಇಲ್ಲ. ಕೂಸು ಉಪಾಸ ಐತಿ."

ಗಿಣಿ ತನ್ನ ಲೆಕ್ಕ ಬದಲಿಸುವ ಹೊತ್ತಿಗೆ ಜಿನ್ಸಿ ಆಗಲೇ ಬಟ್ಟಲು ತುಂಬಿಕೊಂಡು ಬಂದಿದ್ದಳು. ಡಾಕ್ಟರು ಬಂದು ಕೂಸಿನ ಹಿಮ್ಮಡಿ ಚುಚ್ಚಿ ನೋಡಿದರು, ರಕ್ತದಲ್ಲಿ ಸಕ್ಕರೆ ತೀರ ಇಳಿದಿತ್ತು. ಸಲೈನು ಹಚ್ಚಿದರು, ಮೂಗಿನಿಂದ ಸಣ್ಣ ನಳಿಗೆ ಇಳಿಸಿ ಹನಿಹನಿಯಾಗಿ ಹಾಲು ಬಿಟ್ಟರು. ಅಷ್ಟಾದರೂ ಇಷ್ಟು ಹೊತ್ತು ಉಳಿದದ್ದು ಹೇಗೆ ಎಂದು ಅವರು ಕೇಳಿದಾಗ ಜಿನ್ಸಿ ಹಾಸಿಗೆಯಡಿಯ ಸಕ್ಕರೆ ನೀರಿನ ಮುಚ್ಚಳವನ್ನು ತೋರಿಸಿದಳು. ಮಧ್ಯಾಹ್ನ ಕಳೆದು ಬಿಸಿಲು ಕಿಟಕಿ ದಾಟಿದ ಮೇಲೆ ಕೂಸು ಅತ್ತಿತು. ಬೆಕ್ಕಿನ ಮರಿಯಷ್ಟು ದನಿ. ವಾರ್ಡಿನ ಹೆಂಗಸರೆಲ್ಲ ಅದನ್ನು ಕೇಳಲು ತಮ್ಮ ತಮ್ಮ ಮಾತು ನಿಲ್ಲಿಸಿದರು.

ಮೇಲಿನ ಕೋಣೆಯಲ್ಲಿ ಅಭಿರಾಮ ನಿಜವಾಗಿಯೂ ಸಂತೋಷಪಟ್ಟ. ಒಂದು ಪದ ಸೇರಿಸಿದರೆ ಆಯಿತು ಮೇಡಂ, ಇನ್ನೆಂದೂ ಈ ತಪ್ಪಾಗುವುದಿಲ್ಲ ಎಂದು ಆಗಲೇ ಕೀಲಿಮಣೆ ಒತ್ತುತ್ತಿದ್ದ. ಹಾಲಿಗಷ್ಟೇ ಸೇರಿಸುತ್ತೀಯೋ, ಅರಿಸಿನಕ್ಕೂ ಸೇರಿಸುತ್ತೀಯೋ ಎಂದು ಕಸ್ತೂರಿ ಕೇಳಿದಳು. ಜ್ವರ ಹೆಚ್ಚಾಗೇತಿ ಎಂದರೆ ಜ್ವರ ಏರಿದೆ ಎಂದೇ ಅರ್ಥ, ಅದನ್ನು ಹೇಗೆ ಬೇರೆ ಮಾಡುತ್ತೀಯ? ಹೋಗುತ್ತೇನೆ ಎನ್ನಬಾರದೆಂದು ಬರುತ್ತೇನೆ ಎಂದು ಹೇಳಿ ಹೋಗುವ ಜನರನ್ನು ನಿನ್ನ ಗಿಣಿ ಎಲ್ಲಿ ಹುಡುಕುತ್ತದೆ? ಅವನ ಬೆರಳು ನಿಧಾನವಾಯಿತು. ಯಾವುದನ್ನು ಏನೆನ್ನುತ್ತಾರೆ ಎಂದು ಪಟ್ಟಿ ಕೊಡಿ ಎಂದ. ಪಟ್ಟಿ ಮಾಡಿಕೊಂಡು ಯಾರೂ ಮಾತಾಡುವುದಿಲ್ಲ ಎಂದಳು ಅವಳು.

ಆಮೇಲೆ ಅವಳು ಇನ್ನೊಂದು ಪ್ರಶ್ನೆ ಕೇಳಿದಳು. ಈ ಪರದೆಯಿಂದ ತಾನು ಹೊರಗಿಟ್ಟ ಅತ್ತೆಯರು, ಗಂಡಂದಿರು, ಅಕ್ಕಂದಿರು ತಮ್ಮ ಬಾಯಲ್ಲಿ ಏನು ಹೇಳಿದ್ದರು ಎಂಬುದು ಎಲ್ಲಾದರೂ ಇದೆಯೇ? ಇರಲಿಲ್ಲ. ದನಿ ಆಗಿಂದಾಗಲೇ ಅಳಿಸಿಹೋಗಿತ್ತು. ಉಳಿದದ್ದು ಸಾರ ಮತ್ತು ಕೆಂಪು ಚುಕ್ಕಿ. ಅವರಲ್ಲಿ ಅರ್ಧ ಮಂದಿ ಕೆಟ್ಟವರೇ ಇದ್ದಿರಬಹುದು. ಯಾವ ಅರ್ಧ ಎಂದು ಈಗ ಯಾರು ಹೇಳಬೇಕು? ಆ ಮಧ್ಯಾಹ್ನದಿಂದ ಅವಳು ಪ್ರತಿ ಓವರಿಗೂ ಕೆಳಗೆ ಇಳಿದು ಯಾವುದಾದರೊಂದು ಹಾಸಿಗೆಯ ಬಳಿ ನಿಲ್ಲತೊಡಗಿದಳು. ಆಸ್ಪತ್ರೆಯ ಹಿರಿಯರಿಗೆ ಇದು ಹಿಡಿಸಲಿಲ್ಲ. ಕುರ್ಚಿಯಲ್ಲಿ ಕೂರುವುದು ಬಿಟ್ಟು ಮುದುಕಿಯರ ಜೊತೆ ಹರಟೆ ಹೊಡೆಯುತ್ತಾಳೆ ಎಂಬ ಮಾತು ಅವಳ ಕಿವಿಗೂ ಬಿತ್ತು.

ದುಂಡವ್ವನಿಗೆ ಅವಳು ಎಲ್ಲವನ್ನೂ ಹೇಳಿದಳು. ನಿನ್ನನ್ನು ಕೂಸಿನ ಜೀವ ತೆಗೆಯುವವಳು ಎಂದು ತಿಳಿದು ಹೊರಗೆ ಹಾಕಲಿದ್ದೆವು ಎಂದು ಹೇಳಿಯೇಬಿಟ್ಟಳು. ದುಂಡವ್ವ ಸೆರಗು ಸರಿಮಾಡಿಕೊಂಡಳು.

"ತಿಳಕೊಳ್ರಿ ಅದಕ್ಕೇನು. ನಾನೂ ನಿಮ್ಮನ್ನ ಹಂಗೇ ತಿಳಿದಿದ್ದೆ." ಆಮೇಲೆ ಸೇರಿಸಿದಳು, "ಈಗೂ ಪೂರಾ ಬಿಟ್ಟಿಲ್ರಿ."

ಕೂಸು ಮೈ ಹಿಡಿಯಿತು, ನಳಿಗೆ ತೆಗೆದರು. ಮೇಲಿನ ಹಾಲನ್ನು ಬಟ್ಟಲಿನಿಂದಲೇ ಕುಡಿಯತೊಡಗಿತು. ಹೀಗಿರುವಾಗ ಒಂದು ಮಧ್ಯಾಹ್ನದ ಓವರಿನಲ್ಲಿ ಜಿನ್ಸಿ ಪಾಳಿ ಒಪ್ಪಿಸುತ್ತಿದ್ದಳು, ಇನ್ನೊಬ್ಬ ಸಿಸ್ಟರ್ ಒಪ್ಪಿಸಿಕೊಳ್ಳುತ್ತಿದ್ದಳು, ಕಸ್ತೂರಿ ಹಾಸಿಗೆಯ ಕಾಲ್ದೆಸೆಯಲ್ಲಿ ನಿಂತಿದ್ದಳು. ಮನೆಯವರು ಏನಾದರೂ ಹೇಳುವುದಿದೆಯೇ ಎಂದು ಗಿಣಿ ಕೇಳಿತು.  ಮಾದೇವಿ ಅತ್ತೆಯ ಸೀರೆಯ ಅಂಚನ್ನು ಹಿಡಿದು ಮೆಲ್ಲಗೆ ಜಗ್ಗಿದಳು. ದುಂಡವ್ವ ಗಿಣಿಯನ್ನೊಮ್ಮೆ ಓರೆಗಣ್ಣಿನಿಂದ ನೋಡಿದಳು, ಪಕ್ಕದ ಹಾಸಿಗೆಯವರನ್ನೊಮ್ಮೆ ನೋಡಿದಳು. ಹಾಸಿಗೆ ಸುತ್ತಿ ಬಂದು ಕಸ್ತೂರಿಯ ಕಿವಿಗೆ ಬಾಯಿ ಹತ್ತಿರ ತಂದು, ಕೈ ಅಡ್ಡ ಹಿಡಿದು ಒಂದು ಮಾತು ಹೇಳಿದಳು. ಬೆಳಗಿನಿಂದ ಮಾದೇವಿಯ ಕುಪ್ಪಸ ಒದ್ದೆಯಾಗುತ್ತಿದೆ ಎಂಬ ಮಾತು.

ಕೆಟ್ಟದ್ದನ್ನು ಬಾಯಿ ಬಿಟ್ಟು ಹೇಳದ ಜನ ಒಳ್ಳೆಯದನ್ನೂ ಹೇಳುವುದಿಲ್ಲ, ದೃಷ್ಟಿ ತಾಗುತ್ತದೆ ಎಂದು.

"ಕೇಳಿಸಲಿಲ್ಲ," ಎಂದಿತು ಗಿಣಿ. "ದಯವಿಟ್ಟು ಜೋರಾಗಿ ಹೇಳಿ."

ಕಸ್ತೂರಿ ನಿಯಮದ ಪ್ರಕಾರ ಈಗ ಅದನ್ನು ಗಟ್ಟಿಯಾಗಿ ಹೇಳಬೇಕು. ಹೇಳದಿದ್ದರೆ ಈ ಹಾಸಿಗೆಯ ಮೇಲೆ ಹಳದಿ ಚುಕ್ಕಿ ಬೀಳುತ್ತದೆ, ತನ್ನ ಹೆಸರಿನಲ್ಲೇ ಬಿದ್ದರೆ ಅದು ಅವಳಿಗೆ ಕಾಣಿಸುವುದೂ ಇಲ್ಲ. ಅವಳು ಜಿನ್ಸಿಯನ್ನು ಹತ್ತಿರ ಕರೆದು ಅವಳ ಕಿವಿಯಲ್ಲಿ ಹೇಳಿದಳು. ಜಿನ್ಸಿಯ ಮುಖ ಅರಳಿತು. ಅವಳು ಬರುವ ಪಾಳಿಯ ಸಿಸ್ಟರಿನ ಕಿವಿಗೆ ಬಗ್ಗಿದಳು, ಆ ಸಿಸ್ಟರ್ ಹೋಗಿ ಡಾಕ್ಟರನ್ನು ಕರೆತಂದು ಅವರ ಕಿವಿಗೂ ಹಾಕಿದಳು. ಡಾಕ್ಟರು ಮೇಲಿನ ಹಾಲನ್ನು ಎಷ್ಟು ಇಳಿಸಬೇಕೆಂದು ಬೆರಳಿನಲ್ಲೇ ತೋರಿಸಿದರು.

"ಕೇಳಿಸಲಿಲ್ಲ," ಎನ್ನುತ್ತಿತ್ತು ಗಿಣಿ. "ದಯವಿಟ್ಟು ಇನ್ನೊಮ್ಮೆ ಹೇಳಿ."

ಮಾದೇವಿ ಗೋಡೆಯ ಕಡೆ ತಿರುಗಿ, ಸೆರಗು ಮರೆ ಮಾಡಿ, ಕೂಸನ್ನು ಎದೆಗೆ ಹಚ್ಚಿಕೊಂಡಳು.  ಸೆರಗಿನೊಳಗಿಂದ ಗುಟುಕು ಇಳಿಯುವ ಸಣ್ಣ ಸದ್ದು ಬಂತು.